ನಾಲ್ಕನೇ ಫ್ಲಾಪಿ

ವಾಸ್ಕೋದಲ್ಲಿ, ಪಾವಿನ ಬೇಕರಿಯ ಮೇಲಂತಸ್ತಿನಲ್ಲಿ
ಒಂದು ಕಂಪ್ಯೂಟರ್ ಕ್ಲಾಸು.
ಮೂರು ಯಂತ್ರ, ಒಂದಕ್ಕೆ ಮಾತ್ರ ಬಣ್ಣ.
ನೆಲ ಒರೆಸುವುದು ನನ್ನ ಕೆಲಸ,
ಬಾಗಿಲು ಹಾಕುವುದು ಮಾಲೀಕರ ಮಗ ಕಾಯ್ತಾನ್‌ನದು.

"ಯಾರಂವಾ?" ಅಂದಳು ಅವ್ವ.
"ಕಾಯ್ತಾನ್."
"ಯಾರಿಗ್ ಕಾಯ್ತಾನ?"
"ಹೆಸರವ್ವಾ ಅದು."
"ಹೆಸರಂತೂ ಹೌದು. ಯಾರಿಗ್ ಕಾಯ್ತಾನ ಹೇಳು."

ಐದು ಫ್ಲಾಪಿಯ ಕಡಲ್ಗಳ್ಳರ ಆಟ,
ಹಡಗಿಗೆ ಹೋದ ಅವನ ಸೋದರಮಾವ ತಂದದ್ದು.
ಪೆಟ್ಟಿಗೆಯ ಬೆನ್ನಿಗೆ ಅಂಚೆಚೀಟಿಯಷ್ಟು ಚಿತ್ರಗಳು:
ಹಲ್ಲು ಕಿರಿದ ಗುಹೆ, ಹೊಗೆ ಕಾರುವ ಗುಡ್ಡ,
ಮುಳುಗಿದ ಇಗರ್ಜಿ, ಅದರ ಗಂಟೆಯೊಳಗೊಂದು ಮೀನು.
ಕಾಯ್ತಾನನಿಗೆ ಗುಹೆಯೇ ಬೇಕು.
ಹೋಗಿ ಬಂದವನಂತೆ ದಾರಿ ಹೇಳುತ್ತಿದ್ದ
(ಹೊಳೆವ್ವ ಎಂಬ ನಾನು ಅವನ ಬಾಯಲ್ಲಿ ಓಳಿ):
ಎಡಕ್ಕೆ ತಿರುಗಬ್ಯಾಡ ಓಳಿ, ಎಡಕ್ಕೆ ಏಡಿ ಅದಾವು.

ನಾವು ಹೋದದ್ದು ಜೆಟ್ಟಿಯವರೆಗೆ.
ಆಚೆಗೆ ನಾಲ್ಕನೆಯದು ಬೇಕು.
ನಾಲ್ಕನೆಯದಕ್ಕೆ ಬೈನಾದ ಉಪ್ಪುಗಾಳಿ ಬಡಿದು
ಉಪ್ಪಿನಕಾಯಿಗೆ ಹಿಡಿಯುವಂಥ ಬಿಳಿ ಬೂಷ್ಟು.
ಬಿಸಿಲಿಗಿಟ್ಟ, ಊದಿದ, ಅಂಗಿಗೆ ತಿಕ್ಕಿದ,
ಸಂತ ಅಂತೋನಿಗೆ ಒಂದು ಮೇಣದಬತ್ತಿ ಹರಕೆ ಹೊತ್ತ.
ಪರದೆ ಕಪ್ಪಾಗಿ ಅದೇ ಮಾತು:
ನಾಲ್ಕನ್ನು ಹಾಕಿ. ನಾಲ್ಕನ್ನು ಹಾಕಿ.

ಹೀಗೆ ಎರಡು ಮಳೆಗಾಲ ಆ ಜೆಟ್ಟಿಯಲ್ಲೇ ಕಳೆದೆವು.
ಹದಿನಾರೇ ಬಣ್ಣದ ರಾತ್ರಿ.
ಅವ್ವನ ಕಸೂತಿಯ ಹಾಗೆ
ಎಳೆ ಎಣಿಸಿ ಹೊಲಿದ, ಅಂಚು ಮೆಟ್ಟಿಲಾದ ಚಂದ್ರ.
ಮೂರೇ ಅಲೆ, ಮತ್ತೆ ಮತ್ತೆ ಅವೇ ಮೂರು.
ಕೊನೆಯ ಕಂಬದ ಬಳಿ, ದೀಪದ ಕೆಳಗೆ,
ಹಡಗಿನ ಅಡುಗೆಯವನು ಬಕೆಟ್ಟು ಬೋರಲು ಹಾಕಿ ಕೂತು
ಉಳ್ಳಾಗಡ್ಡಿ ಸುಲಿಯುತ್ತಿದ್ದ.

ಪರದೆಯ ಕೆಳಗೆ ಒಂದು ಸಾಲು ಕ್ರಿಯಾಪದ:
ಎತ್ತು, ಎಳೆ, ನೂಕು, ಮುಚ್ಚು, ಕೊಡು.
ಹಗಲೆಲ್ಲ ಜನ ನನಗೆ ಹೇಳುತ್ತಿದ್ದುದೂ ಅವನ್ನೇ.
'ನೋಡು' ಎಂದು ಮಾತ್ರ ಯಾರೂ ಅಂದಿರಲಿಲ್ಲ,
ನಾನು ಅದನ್ನೇ ಒತ್ತುತ್ತಿದ್ದೆ.
ದೀಪ ನೋಡು. ಹಗ್ಗ ನೋಡು. ನೀರು ನೋಡು.
ನೀರಿಗೆ ಆಟ ಕೊಟ್ಟ ಇಂಗ್ಲಿಷಿನ ಉತ್ತರವನ್ನು
ಕಾಯ್ತಾನ್ ಬೈನಾದ ಹುಡುಗರಿಂದ ಕಲಿತ ಕನ್ನಡಕ್ಕೆ ತಂದ:
"ಸಮುದ್ರ. ಭಾಳ ಐತಿ."

ಕಿಟಕಿಯಾಚೆ ನಿಜದ ಬಂದರು.
ಅಪ್ಪ ಬಾರ್ಜಿನಲ್ಲಿ ಅದಿರು ಸರಿಸುತ್ತಿದ್ದ,
ಮನೆಗೆ ಬಂದು ಕಿವಿ ತೊಳೆದರೆ ಕೆಂಪು ನೀರು.
ಅಲ್ಲಿಯ ಜೆಟ್ಟಿಗೆ ಕಾಲಿಟ್ಟರೆ ವಾಚ್‌ಮನ್ ಸೀಟಿ ಊದುತ್ತಿದ್ದ.
ಇಲ್ಲಿ ಯಾರೂ ನನ್ನ ಪಾಸು ಕೇಳಲಿಲ್ಲ.

ಒಮ್ಮೆ ಅವ್ವ ನನ್ನನ್ನು ಹುಡುಕಿ ಮೇಲೆ ಬಂದಳು.
ಬಯ್ಯಲು ತೆರೆದ ಬಾಯಿ ಹಾಗೇ ಇತ್ತು,
ಸೆರಗಲ್ಲಿ ಬೆವರೊರೆಸುತ್ತ ಪರದೆಯನ್ನೇ ದಿಟ್ಟಿಸಿದಳು.
"ಒಂದ್ ಉಳ್ಳಾಗಡ್ಡಿಗೆ ಇಷ್ಟೊತ್ತೇನು?
ಸಾರಿಗೆ ಯಾವಾಗ ಹಾಕಾಂವ?"

ಕಾಯ್ತಾನ್ ಈಗ ತಾರ್ವಟಿ.
ನಿಜದ ಕಳ್ಳರಿರುವ ನೀರಿನಲ್ಲಿ ರಾತ್ರಿಪಾಳಿ.
ಹಡಗಿನ ಅಂಚಿಗೆ ಮುಳ್ಳುತಂತಿ ಸುತ್ತಿ
ದೀಪ ಆರಿಸಿ ಸಾಗುತ್ತಾರಂತೆ.
"ಅವರ ಹೆಗಲ ಮ್ಯಾಲೆ ಗಿಳಿ ಇಲ್ಲ ಓಳಿ," ಅಂದ ಫೋನಿನಲ್ಲಿ,
"ಒಬ್ಬನ್ನ ಹಿಡಿದ್ವಿ. ಕಾಲಾಗ ಚಪ್ಪಲಿ ಸೈತ ಇರಲಿಲ್ಲ."
ಆಮೇಲೆ ಬಹಳ ಹೊತ್ತು ಬರೀ ಗಾಳಿಯ ಸದ್ದು.

ಮೊನ್ನೆ ಮಗಳು ಆ ಆಟವನ್ನು ಮೊಬೈಲಿಗೆ ಇಳಿಸಿದಳು,
ಫ್ಲಾಪಿಯ ಹಂಗಿಲ್ಲದ ಇಡೀ ಆಟ.
ಒಂದೇ ಮಧ್ಯಾಹ್ನದಲ್ಲಿ ಗುಡ್ಡ ಹತ್ತಿದಳು, ಗುಹೆ ಹೊಕ್ಕಳು.
ಎಡಕ್ಕೆ ಏಡಿ ಇರಲಿಲ್ಲ. ಎಡವೇ ಇರಲಿಲ್ಲ,
ಬಲಕ್ಕೊಂದೇ ದಾರಿ.
ಮೀನು ಮಾತ್ರ ಇತ್ತು, ಗಂಟೆಯೊಳಗೆ,
ನಾನೆಣಿಸಿದ್ದಕ್ಕಿಂತ ಚಿಕ್ಕದು.
"ಮುಗೀತು," ಎಂದಳು, "ನೋಡು."

ನೋಡಿದೆ. ಮೊಬೈಲು ಇಸಿದುಕೊಂಡು
ಮತ್ತೆ ಮೊದಲಿಂದ ಹೊರಟು
ಜೆಟ್ಟಿಯ ಮೇಲೆ ನಿಂತೆ.
ದೋಣಿಯವನು ಕೇಳಿದ: ಹೊರಡೋಣವೇ?
ಉತ್ತರ ಕೊಡದಿದ್ದರೂ ಸರಿ,
ಕಾಯ್ತಾನ.

ಅವ್ವನಿಗೀಗ ಒಂದು ಕಣ್ಣು ಮಬ್ಬು.
ಇನ್ನೊಂದನ್ನು ಪರದೆಗೆ ಹತ್ತಿರ ತಂದು ಗುರುತು ಹಿಡಿದಳು:
"ಅಯ್ಯ, ಇಂವಾ
ಇನ್ನೂ ಅದ ಉಳ್ಳಾಗಡ್ಡಿ ಸುಲ್ಯಾಕತ್ತಾನಲ್ಲ."